ವೊಲಾನ್ಸಾ ಗಿಡಗಳಿಗೆ ಹೇಳುವ ಮಾತು

ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನ ಅಂಚಿನಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ. ನರ್ಸರಿಯ ಗಾಜಿನ ಮನೆಯೊಳಗೆ ಪೈಪಿನ ನೀರು ಮಂಜಾಗಿ ತೇಲುತ್ತಿದೆ. ಆ ಮಂಜಿನಲ್ಲಿ, ಇಲ್ಲಿ ಕೆಲಸ ಮಾಡುವ ಹೆಂಗಸು ವೊಲಾನ್ಸಾ ಒಮ್ಮೆ ಕಾಣುತ್ತಾರೆ, ಒಮ್ಮೆ ಮರೆಯಾಗುತ್ತಾರೆ. ಜೆರೇನಿಯಂ, ಗುಲಾಬಿಗಳ ಪಾಲಿಗೆ ಬರೀ ನೀರು. ಮೂಲೆಯಲ್ಲಿರುವ, ಬಾಳೆಯನ್ನೇ ಹೋಲುವ ಕೆಂಪು ದಿಂಡಿನ ಸಸಿಗಳ ಹತ್ತಿರ ಬಂದಾಗ ಮಾತ್ರ ನೀರಿನ ಜೊತೆ ಮಾತೂ ಸುರಿಯುತ್ತದೆ.

"ಕೆಲಸದಲ್ಲಿ ಇಂಗ್ಲಿಷು, ಚರ್ಚಲ್ಲಿ ಅಮ್ಹಾರಿಕ್. ಚಾಹಾ ಯಾರ ಹತ್ರ ಆಡ್ಲಿ? ಅದಕ್ಕೇ ಇವುಗಳ ಹತ್ರ ಆಡ್ತೀನಿ," ಎನ್ನುತ್ತಾರೆ. ಅವರದು ತುಂಡು ತುಂಡು ಇಂಗ್ಲಿಷು. ಅರ್ಥ ಮಾತ್ರ ಇಡಿಯಾಗಿ ಬರುತ್ತದೆ.

ಅಮ್ಹಾರಿಕ್ ಇಥಿಯೋಪಿಯಾದ ಆಡಳಿತ ಭಾಷೆ. ಚಾಹಾ ಎಂದರೆ ಅಲ್ಲಿನ ಗುರಾಗೆ ಜನರ ಹಲವು ನುಡಿಗಳಲ್ಲಿ ಒಂದು, ವೊಲಾನ್ಸಾ ಅವರ ತಾಯ್ನುಡಿ. ಈ ಗಿಡಕ್ಕೆ ಆ ನುಡಿಯಲ್ಲಿ ಅಸೆತ್ ಎಂದು ಹೆಸರು. ನೋಡಲು ಬಾಳೆ, ಆದರೆ ತಿನ್ನುವಂಥ ಗೊನೆ ಬಿಡುವುದಿಲ್ಲ. ದಿಂಡು, ಗೆಡ್ಡೆಯೇ ಅನ್ನ. ದಿಂಡನ್ನು ಹೆರೆದು, ಹುಳಿ ಬರಿಸಿ, ವುಸಾ ಎಂಬ ರೊಟ್ಟಿ ತಟ್ಟುತ್ತಾರೆ. ಹೆರೆಯುವುದು ಹೆಂಗಸರ ಕೆಲಸ, ಅದೂ ಗುಂಪಿನಲ್ಲಿ. ಹೆರೆಯುತ್ತ ಹೆರೆಯುತ್ತಲೇ ವೊಲಾನ್ಸಾ ತಮ್ಮ ತಾಯಿಯಿಂದ ಮಾತು ಕಲಿತರು.

ಅಮೆರಿಕಕ್ಕೆ ಬಂದ ಮೇಲೆ ಒಂದು ಬೆಳಗ್ಗೆ ನರ್ಸರಿಯ ಲಾರಿಯಿಂದ ಅದೇ ಗಿಡ ಇಳಿಯಿತು, ಕುತ್ತಿಗೆಗೆ 'ಅಲಂಕಾರದ ಬಾಳೆ' ಎಂಬ ಚೀಟಿ ಕಟ್ಟಿಕೊಂಡು. "ನನ್ನ ಅಮ್ಮನಿಗೆ ಯಾರೋ ಲಿಪ್‌ಸ್ಟಿಕ್ ಹಚ್ಚಿ ನಿಲ್ಲಿಸಿದ ಹಾಗಿತ್ತು," ಎಂದು ನಗುತ್ತಾರೆ. ಒಂದನ್ನು ಕೊಂಡರು. ಆದರೆ ಅವರದು ಹತ್ತಿರದ ಮೆಟುಚೆನ್ ಊರಿನ ಅಪಾರ್ಟ್‌ಮೆಂಟು, ಅಂಗೈಯಗಲ ಮಣ್ಣಿಲ್ಲ. ನರ್ಸರಿಯ ಗಿರಾಕಿಯಾಗಿದ್ದ, ಮೈಸೂರು ಮೂಲದ ಪ್ರಭಾ ತಮ್ಮ ಹಿತ್ತಲು ಬಿಟ್ಟುಕೊಟ್ಟರು. ಹಿಮಕ್ಕೆ ಸಾಯದಂತೆ ಪ್ರತಿ ಚಳಿಗಾಲಕ್ಕೂ ಪ್ರಭಾ ಅವರ ಪತಿ ಕೃಷ್ಣಸ್ವಾಮಿ ಗಿಡವನ್ನು ಬೇರುಸಮೇತ ಕಿತ್ತು ಬೇಸ್‌ಮೆಂಟಿಗೆ ಇಳಿಸಿದರು. ಬಾಣಂತಿಗೂ ಅಂಥ ಉಪಚಾರ ಸಿಕ್ಕಿರಲಿಕ್ಕಿಲ್ಲ.

ವೊಲಾನ್ಸಾ ಅವರ ಆಸೆ ಒಂದೇ ಆಗಿತ್ತು. ಗಿಡ ಬಲಿತ ಮೇಲೆ ಮಗಳು ಸೆಬ್ಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆರೆಯಬೇಕು. ತಾಯಿ ಕೊಟ್ಟ ಮಾತುಗಳನ್ನು ಅವಳಿಗೆ ದಾಟಿಸಬೇಕು. ಸೆಬ್ಲೆ ಆಸ್ಪತ್ರೆಯಲ್ಲಿ ನರ್ಸು. ಕರೆದಾಗಲೆಲ್ಲ "ನೆಕ್ಸ್ಟ್ ಇಯರ್, ಮಾಮ್" ಎನ್ನುತ್ತಿದ್ದಳು.

ಕಳೆದ ಗಣೇಶನ ಹಬ್ಬದ ದಿನ ವೊಲಾನ್ಸಾ ಊಟಕ್ಕೆಂದು ಪ್ರಭಾ ಅವರ ಮನೆಗೆ ಹೋದರು. ಮಂಟಪದ ಎರಡೂ ಬದಿಗೆ, ಚೆಂಡುಹೂವಿನ ಹಾರ ಹೊತ್ತು, ಅವರ ಅಸೆತ್ ನಿಂತಿತ್ತು. ಪ್ರಭಾ ಅವರ ಮಗ ಸಮರ್ಥ್ ಬಾಳೆಕಂಬವೆಂದು ಕಡಿದು, ಉದ್ದಕ್ಕೆ ಸೀಳಿ ಕಟ್ಟಿದ್ದ. ಬಾಳೆಯಾದರೆ ಕಡಿದ ಪಕ್ಕದಲ್ಲೇ ತಾನಾಗಿ ಮರಿ ಏಳುತ್ತದೆ. ಅಸೆತ್ ಹಾಗಲ್ಲ.

"ಕಡುಬು ಬೇಯಿಸ್ತಾ ಒಳಗಿದ್ದೆ ಕಣ್ರೀ. ನಮ್ಮಲ್ಲಿ ಹಬ್ಬಕ್ಕೆ ಬಾಳೆ ಕಡಿಯೋದು ಶುಭ. ಇದು ಬೇರೆ ಅಂತ ಅವನಿಗೆ ಹೇಳೇ ಇರ್ಲಿಲ್ಲ," ಎಂದು ಪ್ರಭಾ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾರೆ.

ಸಮರ್ಥ್ ಮುಖ ತಗ್ಗಿಸಿ, ಬಿಚ್ಚಿಬಿಡಲೇ ಎಂದು ಕೇಳಿದ. ವೊಲಾನ್ಸಾ ಬೇಡವೆಂದರು. "ದೇವರ ಪಕ್ಕ ನಿಂತಿದೆ. ಮಂಗಳಾರತಿ ಆಗ್ಲಿ." ಅವರಿಗೆ ಊಟ ಸೇರಲಿಲ್ಲ. ಹಿತ್ತಲಿಗೆ ಹೋಗಿ ಮಗಳಿಗೆ ಫೋನ್ ಮಾಡಿದರು. ಕಡಿದ ಅಸೆತ್ ನಮಗಾಗಿ ಕಾಯುವುದಿಲ್ಲ, ಇವತ್ತೇ ಹೆರೆಯಬೇಕು, ನೆಕ್ಸ್ಟ್ ಇಯರ್ ಎಂಬುದು ಇನ್ನಿಲ್ಲ ಎಂದರು. ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಸೆಬ್ಲೆ ಶಿಫ್ಟು ಮುಗಿದದ್ದೇ ಯೂನಿಫಾರ್ಮಿನಲ್ಲೇ ಬಂದಳು.

ಆ ಸಂಜೆ ಮಂಟಪದ ದಿಂಡು ಬಿಚ್ಚಿ ತಂದು, ಹುಲ್ಲಿನ ಮೇಲೆ ಹಲಗೆ ಒರಗಿಸಿ ತಾಯಿ, ಮಗಳು, ಪ್ರಭಾ ಮೂವರೂ ಹೆರೆದರು. ತಾಯಿ ಒಂದು ಮಾತು ಹೇಳುವರು, ಮಗಳು ಅದನ್ನೇ ತಿರುಗಿ ಹೇಳುವಳು. ಹಿಟ್ಟಿನಂಥ ತಿರುಳನ್ನು ಅಂಗಡಿಯ ಬಾಳೆಲೆಯಲ್ಲಿ ಸುತ್ತಿ ಬಕೆಟ್ಟಿಗೆ ತುಂಬಿದರು. ಕೆಲವೇ ವಾರಗಳಲ್ಲಿ ಬಂದ, ಇಥಿಯೋಪಿಯಾದ ಕ್ರೈಸ್ತರ ಮೆಸ್ಕೆಲ್ ಹಬ್ಬಕ್ಕೆ ಹುಳಿ ಪೂರ್ತಿ ಏರಿರಲಿಲ್ಲ. ರೊಟ್ಟಿ ಸ್ವಲ್ಪ ಸಪ್ಪೆ. ಕೃಷ್ಣಸ್ವಾಮಿ ಮಾತ್ರ ಉಪ್ಪಿನಕಾಯಿ ಹಾಕಿಕೊಂಡು ಎರಡನೆಯದಕ್ಕೂ ಕೈ ಚಾಚಿದರು.

ಮಣ್ಣಲ್ಲಿ ಗೆಡ್ಡೆ ಉಳಿದಿತ್ತು. ಊರಿನಲ್ಲಿ ಗಂಡಸರು ಮಾಡುವ ಕೆಲಸವನ್ನು ಇಲ್ಲಿ ವೊಲಾನ್ಸಾ ಅವರೇ ಮಾಡಿದರು: ಗೆಡ್ಡೆಯ ನಡುವಿನ ಕುಡಿಯನ್ನು ಕೊರೆದು ತೆಗೆದು, ಗೆಡ್ಡೆಯನ್ನು ತೊಟ್ಟಿಯಲ್ಲಿ ಹೂತು, ಬೇಸ್‌ಮೆಂಟಿನ ಬೆಚ್ಚನೆಯ ಮೂಲೆಯಲ್ಲಿಟ್ಟರು. ತಾಯಿಗೆಡ್ಡೆಯ ಕುಡಿ ಕಿತ್ತರೇ ಮರಿಗಳು ಏಳುವುದಂತೆ. ಹಿಮ ಕರಗುವ ಹೊತ್ತಿಗೆ ತೊಟ್ಟಿಯ ತುಂಬ ಕೆಂಪು ಮೊಳಕೆ. ಅವೇ ಈಗ ಈ ಮೂಲೆಯಲ್ಲಿ ನಿಂತಿರುವ ಸಸಿಗಳು. ನರ್ಸರಿಯ ಮಾಲೀಕರು ಜಾಗ ಕೊಟ್ಟಿದ್ದಾರೆ. ಒಂದು ಸಸಿಗೆ ಹಳದಿ ದಾರ ಕಟ್ಟಿದೆ. "ಅದು ಗಣಪತೀದು. ಸಮರ್ಥ್ ಕೇಳೋಕೆ ಹೆದರ್ತಾನೆ, ನಾನೇ ಕೊಡ್ತೀನಿ," ಎನ್ನುತ್ತಾರೆ.

ಬಿಸಿಲು ಗಾಜಿಗೆ ತಾಗಿದೆ. ವೊಲಾನ್ಸಾ ನೀರು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾರೆ. ಇವತ್ತು ಭಾನುವಾರ, ಸೆಬ್ಲೆ ಬರುವ ದಿನ. ಕಳೆದ ವಾರ ಮಗಳು ಒಬ್ಬಳೇ ನೀರು ಹಾಕುತ್ತಿದ್ದಾಗ ಇವರು ಬಾಗಿಲ ಹಿಂದೆ ನಿಂತು ಆಲಿಸಿದರಂತೆ.

"ಗಿಡಗಳ ಹತ್ರ ಚಾಹಾ ಮಾತಾಡ್ತಿದ್ಲು. ಎಲ್ಲಾ ತಪ್ಪು ತಪ್ಪು," ಎನ್ನುತ್ತ ಅವರು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ. "ನಾನು ತಿದ್ದಲಿಲ್ಲ. ಗಿಡಗಳು ಕೇಳಿಸಿಕೊಳ್ತಾ ಇದ್ವು."