ಗಾಳಿಗೆ ತುದಿಯಿಲ್ಲ

ಮುತ್ತಜ್ಜ ಹೊಳೆಗೆ ಹಗ್ಗದ ಸೇತುವೆ ಕಟ್ಟಿದವನು. ಪ್ರವಾಹಕ್ಕೆ ಸೇತುವೆ ಹೋಯಿತು, ಅವನು ಹಾಕಿದ ಗಂಟು ಮಾತ್ರ ಬಿಚ್ಚಲಿಲ್ಲ. ಅಜ್ಜ ಗುಡ್ಡದ ನೆತ್ತಿಗೆ ತಂತಿಕಂಬ ಹೊತ್ತವನು. ತಾಯಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಜೀವ ಬರಿಸಿದವಳು. ಅಂಥ ಮನೆಯ ಮಗಳು ತಂತಿಯಕ್ಕ. ಕೆಟ್ಟುಹೋದ ಫೋನುಗಳೇ ಅವಳ ಪಾಠಶಾಲೆ. ಮಾತು ಒರಟು, ಕೈ ನಯ.

ಶಾಲೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಬೇಕಿತ್ತು. ತಂತಿಯೋ ವೈಫೈಯೋ ಎಂದು ಹೆಡ್‌ಮೇಡಂ ಅವಳನ್ನೇ ಕೇಳಿದರು. ಅಷ್ಟರಲ್ಲಿ ಕಂಪ್ಯೂಟರು ಮಾರಿದ ಅಂಗಡಿಯವನು ಗೋಡೆಗೆ ಬಿಳಿ ಡಬ್ಬಿಗಳನ್ನು ಅಂಟಿಸಿ, ಪರೀಕ್ಷಿಸಿ ನೋಡುವುದಕ್ಕೆಂದು ವೈಫೈ ಹಚ್ಚಿಯೇಬಿಟ್ಟಿದ್ದ. ಕೆಲಸವೇನೋ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತು. ಆದರೆ ಟೀಚರು ಮೈಕಿನಲ್ಲಿ ಹಾಜರಿ ಕರೆದು ಮುಗಿಸಿದ ಮೇಲೆ, ಮಕ್ಕಳ ಹೆಡ್‌ಫೋನುಗಳಲ್ಲಿ ಇನ್ನೊಂದು ಮಗು "ಇದ್ದೀನಿ ಮಿಸ್" ಎನ್ನುತ್ತಿತ್ತು. ಯಾವ ಬೆಂಚಿನದೂ ಅಲ್ಲದ ದನಿ. ಮಕ್ಕಳು ಕೋಣೆಗೆ ಕಾಲಿಡಲೊಲ್ಲರು. ಹೀಗೇ ಆದರೆ ಕೋಣೆಗೆ ಬೀಗವೇ ಗತಿ.

"ಪಕ್ಕದ್ಮನೆ ಟಿವಿ ಇರ್ಬೇಕು," ಅಂದ ಅಂಗಡಿಯವನು. "ನೀವೇನಕ್ಕಾ, ಅಜ್ಜಿ ಕಾಲದ ತಂತಿಗೆ ಜೋತಾಡ್ತೀರಾ?"

"ಜೋತಾಡೋಕೆ ತಂತಿಯಾದ್ರೂ ಇದೆ ತಮ್ಮಾ. ನಿನ್ನ ಗಾಳಿಗೆ ತುದಿ ಎಲ್ಲಿದೆ, ತೋರ್ಸು. ಮಾತಾಡ್ತಿರೋರ್ನ ಹುಡುಕ್ಕೊಂಡು ಎಲ್ಲಿಗೆ ಹೋಗ್ಲಿ?"

ಡಬ್ಬಿಗಳು ಇಳಿದವು. ಪ್ರತಿ ಕಂಪ್ಯೂಟರಿಗೂ ಅವಳೇ ನೀಲಿ ತಂತಿ ಎಳೆದಳು. ಮಾರನೆಯ ದಿನ ಅವಳ ಸೋಲು ನೋಡಲೆಂದೇ ಅಂಗಡಿಯವನೂ ಬಂದು ನಿಂತ. ಕೋಣೆಯ ತುಂಬ ಬಿಸಿಲು. ಹಾಜರಿ ಮುಗಿಯಿತು. ಮತ್ತೆ ಅದೇ: "ಇದ್ದೀನಿ ಮಿಸ್."

ಮಕ್ಕಳು ಬಾಗಿಲಿಗೆ ಓಡಿದರು. ತಂತಿಗಳೆಲ್ಲ ಕೂಡುವ ಪೆಟ್ಟಿಗೆಯ ಮುಂದೆ ಕೂತು ತಂತಿಯಕ್ಕ ತಾನು ಎಳೆದದ್ದನ್ನೆಲ್ಲ ಒಂದೊಂದಾಗಿ ಕಿತ್ತಳು. ಪೆಟ್ಟಿಗೆಯ ಒಂದು ದೀಪ ಮಾತ್ರ ಮಿಣುಕುತ್ತಲೇ ಇತ್ತು. ಅದಕ್ಕೆ ಸೇರಿದ್ದು ಬೂದು ತಂತಿ. ನಿನ್ನೆ ಅದು ಅಲ್ಲಿರಲಿಲ್ಲ. ಅದು ಹಿಂಗೋಡೆಯ ತೂತಿನೊಳಗೆ ಹೋಗಿತ್ತು. ಹೊರಗೆ ಸುತ್ತಿ ಬಂದು ನೋಡಿದಳು: ಬರೀ ಬಯಲು. ಆ ಬದಿಯ ಗೋಡೆಯಲ್ಲಿ ತೂತೇ ಇಲ್ಲ.

ಒಳಗೆ ಬಂದು ತಂತಿಯನ್ನು ಮೆಲ್ಲಗೆ ಜಗ್ಗಿದಳು. ಆಚೆಯಿಂದ ಯಾರೋ ಅಷ್ಟೇ ಮೆಲ್ಲಗೆ ಜಗ್ಗಿದರು, ಕೂಸು ತಾಯಿಯ ಸೆರಗು ಜಗ್ಗುವ ಹಾಗೆ.

ಅಂಗಡಿಯವನು ಮುಂದೆ ಬಂದ. "ಅಕ್ಕಾ, ನಾನೂ ಹಿಡೀತೀನಿ, ಒಟ್ಟಿಗೆ ಎಳೆದ್ಬಿಡೋಣ." ಗದ್ದಲ ಕೇಳಿ ಬಂದಿದ್ದ ಹೆಡ್‌ಮೇಡಂ ಕತ್ತರಿ ಚಾಚಿದರು.

"ಕತ್ತರಿ ಒಳಗಿಡಿ ಮೇಡಂ. ತಮ್ಮಾ, ನೀನೂ ಕೈ ಹಾಕ್ಬೇಡ. ಆ ಕಡೆ ಇರೋದು ಒಂದೇ ಕೈ, ಅದೂ ಸಣ್ಣದು. ಈ ಕಡೆನೂ ನಾನೊಬ್ಬಳೇ ಇರ್ತೀನಿ."