ಒಂದು ದಿನದ ತೂಕಕ್ಕೆ ದಂಡ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅವ್ವ ಸಿದ್ದಾಪುರದ ಗದ್ದೆಗಳಲ್ಲಿ ಕೂಲಿಗೆ ಭತ್ತದ ಸಸಿ ಹಚ್ಚಿ ಓದಿಸಿದಳು, ವಕೀಲನಾದೆ. ಆ ಹೆಮ್ಮೆ ಈಗಲೂ ಇದೆ. ಅದಕ್ಕೇ ಊರಲ್ಲಿ ನಮ್ಮ ನೆರೆಮನೆಯ ಚಾಚಿ ಗಂಗಾವತಿಯ ನನ್ನ ಕೋಣೆಗೆ ಬಂದು ಆದದ್ದು ಹೇಳಿದಾಗ, ಹಿಂದೆ ಮುಂದೆ ನೋಡದೆ, "ಬಿಡಬ್ಯಾಡ ಚಾಚಿ" ಅಂದುಬಿಟ್ಟೆ.

ಆದದ್ದು ಇಷ್ಟು. ಕಣದಲ್ಲಿ ಭತ್ತ ಕೊಳ್ಳುವ ವ್ಯಾಪಾರಿ ತನ್ನ ತೂಕದ ಕಾಟಾದಲ್ಲಿ ಚಾಚಿಯ ಭತ್ತ ತೂಗಿಸುತ್ತಿದ್ದ. ನಡುವೆ ಹಮಾಲರು ಬೀಡಿಗೆ ಕೂತಾಗ ಚಾಚಿ ತಮಾಷೆಗೆ ತಾನೇ ಕಾಟಾದ ಮೇಲೆ ನಿಂತಳು. ಸಕ್ಕರೆ ಕಾಯಿಲೆ ತೋರಿಸಲು ಹೋಗಿ ಹಿಂದಿನ ದಿನವಷ್ಟೇ ದವಾಖಾನೆಯಲ್ಲಿ ತೂಗಿಸಿಕೊಂಡಿದ್ದಳು. ಇಲ್ಲಿ ಮೂರು ಕಿಲೋ ಕಡಿಮೆ!

"ಏನ್ ಸಾವ್ಕಾರ, ಒಂದ ದಿನದಾಗ ನನ್ನ ಮೂರು ಕಿಲೋ ಎಲ್ಲಿ ಹೋತು?"

"ಚಿಂತಿ ಮಾಡಿ ಸೊರಗಿರ್ತಿ, ಚಾಚಿ" ಎಂದ ವ್ಯಾಪಾರಿ. ಹಮಾಲರು ನಕ್ಕರು.

"ಹಂಗಾರ ನನ್ನ ಭತ್ತಾನೂ ಚಿಂತಿ ಮಾಡ್ತೈತೇನು?"

ದೂರು ನಾನೇ ಬರೆದುಕೊಟ್ಟೆ. ಅಧಿಕಾರಿಗಳು ಬಂದು ಕಾಟಾ ಜಪ್ತಿ ಮಾಡಿದರು. ಒಳಗೆ ಕೈಯಾಡಿಸಿದ್ದು ಖರೆ ಇತ್ತು. ಚಾಚಿಗೆ ಬೇಕಿದ್ದದ್ದು ಒಂದೇ: ಇಷ್ಟು ವರ್ಷಗಳ ಬೆಳೆಗಳಲ್ಲಿ ಹೋದ ಭತ್ತದ ಬೆಲೆ. ವ್ಯಾಪಾರಿ ಊರಿಗೆ ಊರಿನ ಭತ್ತವನ್ನೇ ಆ ಕಾಟಾದಲ್ಲಿ ತೂಗಿದ್ದ, ದಂಡವೂ ಅವನು ಗಳಿಸಿದ್ದಕ್ಕೆ ತಕ್ಕಂತೆ ಬೀಳುತ್ತದೆಂದು ನಾನು ನಂಬಿದ್ದೆ.

ಕೋರ್ಟಿನಲ್ಲಿ ಕೇಳಿದರು: ಹಿಂದಿನ ತೂಕಗಳಿಗೆ ಪುರಾವೆ?

ನಮ್ಮಲ್ಲಿ ದುಡ್ಡು ಕೈಗೆ ಬಂದ ಕೂಡಲೇ ತೂಕದ ಚೀಟಿಯನ್ನು ವ್ಯಾಪಾರಿಗೆ ವಾಪಸ್ ಕೊಡಬೇಕು, ಅವನು ಅಲ್ಲೇ ಹರಿದು ಹಾಕುತ್ತಾನೆ. ಇಟ್ಟುಕೊಂಡರೆ ಅವನ ಮಾತಿನ ಮೇಲೆ ಸಂಶಯಪಟ್ಟಂತೆ. ಮರ್ಯಾದಸ್ತರು ಯಾರೂ ಇಟ್ಟುಕೊಳ್ಳುವುದಿಲ್ಲ. ಇಡೀ ಊರಲ್ಲಿ ಒಂದು ಚೀಟಿ ಸಿಗಲಿಲ್ಲ. ಇದೇ ಊರಲ್ಲಿ ಬೆಳೆದ ನನಗೆ ಇದು ದೂರು ಬರೆಯುವಾಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾನೂನಿನ ಪುಸ್ತಕ ಓದಿ ಏನು ಬಂತು!

ವ್ಯಾಪಾರಿ ತಪ್ಪೊಪ್ಪಿಕೊಂಡ. ಆ ಒಂದು ಕಾಟಾಕ್ಕೆ, ಆ ಒಂದು ದಿನಕ್ಕೆ ದಂಡ ಬಿತ್ತು. ಒಂದು ಲಾರಿ ಭತ್ತದಲ್ಲಿ ಅವನು ಹೊಡೆಯುತ್ತಿದ್ದಷ್ಟೂ ಇರಲಿಲ್ಲ ಅದು. ಹೊಸ ಕಾಟಾದ ಖರ್ಚಿನ ಜೊತೆ ಅದನ್ನೂ ಲೆಕ್ಕದಲ್ಲಿ ಬರೆದುಕೊಂಡು ಆರಾಮಾಗಿ ಇರಬಹುದು. ಹೊರಗೆ ಬಂದವನೇ ನನಗೆ, "ವಕೀಲ್ರ, ಛಾ ಕುಡಿಯೂಣು ಬರ್ರಿ" ಅಂದ. ಮುಖಕ್ಕೆ ಹೊಡೆದಂತಾಯಿತು.

ಊರಿಗೆ ಹೋಗುವ ಬಸ್ಸಿನಲ್ಲಿ ಚಾಚಿ ಕೇಳಿದಳು: "ದಂಡದ ರೊಕ್ಕ ಯಾರಿಗೆ ಹೋತಪಾ?"

"ಸರಕಾರಕ್ಕ."

"ಸರಕಾರ ಯಾವಾಗ ಭತ್ತ ಹಚ್ಚಿತ್ತು?"

"ನಿನ್ನ ಭತ್ತಕ್ಕ ಬ್ಯಾರೆ ದಾವೆ ಹಾಕಬೇಕು, ಚಾಚಿ."

"ಅಲ್ಲಿನೂ ಪುರಾವೆ ಕೇಳ್ತಾರಲ್ಲ?"

ಹೌದೆಂದು ಗೋಣು ಹಾಕಿದೆ. ಬಸ್ಸು ಶ್ರೀರಾಮನಗರ ದಾಟಿತು. ಆಮೇಲೆ ಚಾಚಿ, "ಈ ಸಲದ ರಾಶಿ ಕಣದಾಗ ಬಿದ್ದೈತಿ. ಕೇಸ್ ಹಾಕಿದಾಕಿ ಅಂತ ಬ್ಯಾರೆ ಯಾವ ಸಾವ್ಕಾರನೂ ಬರವಲ್ಲ. ನಾಳೆ ತೂಗಾಕ ಆ ಸಾವ್ಕಾರನ್ನ ಕರದೀನಿ" ಅಂದಳು.