ಕತ್ತು ಹೊರಳಿದ ಹೊತ್ತು

ನನ್ನ ಬಿಗಿದ ಕತ್ತನ್ನೇ ನೋಡುತ್ತಿದ್ದ ಪಕ್ಕದ ಸೀಟಿನ ಅಪರಿಚಿತ ಹೆಂಗಸು ಮೆಲ್ಲಗೆ ತಮ್ಮ ಸೆರಗು ಸರಿಸಿದರು. ಕಿವಿಯ ಕೆಳಗಿನಿಂದ ಗಂಟಲವರೆಗೆ ಥೇಟ್ ನನ್ನಂಥದೇ ಗಾಯದ ಗುರುತು!

ರಾಮದುರ್ಗದಿಂದ ಸವದತ್ತಿಗೆ ಹೊರಟಿದ್ದ ಬಸ್ಸಿಗೆ ಅವರು ತೊರಗಲ್‌ನಲ್ಲಿ ಹತ್ತಿದ್ದರು. ಬಾಯಿ ಕ್ಯಾನ್ಸರಿಗೆಂದು ಕತ್ತಿನ ಗಂಟುಗಳನ್ನೂ ತೆಗೆದ ಆಪರೇಷನ್ ಆದ ಮೇಲೆ ನಾನು ಕತ್ತು ಹೊರಳಿಸುವುದನ್ನೇ ಬಿಟ್ಟಿದ್ದೆ. ಡಾಕ್ಟರು ವ್ಯಾಯಾಮ ಹೇಳಿಕೊಟ್ಟಿದ್ದರು. ಆದರೆ ಚರ್ಮ ಜಗ್ಗಿದಾಗಲೆಲ್ಲ ಹೊಲಿಗೆ ಬಿಚ್ಚೀತೆಂದು ಹೆದರಿ ನಿಲ್ಲಿಸಿಬಿಡುತ್ತಿದ್ದೆ.

"ನಾನೂ ಹಿಂಗ ಕಟಗಿ ಆಗಿ ಕುಂಡ್ರತಿದ್ನಿರಿ ಅಕ್ಕಾರ. ಹೊಲಿಗಿ ಯಾವಾಗೋ ಕೂಡೇತಿ, ಈಗ ಅದು ನಿಮ್ಮದ ಚರ್ಮ. ಅಂಜಬ್ಯಾಡ್ರಿ, ನನ್ನ ಕೂಡ ಸಾವಕಾಶ ಹೊರಳಸ್ರಿ" ಎಂದರು.

ಅವರು ಕಿಟಕಿಯತ್ತ ಮುಖ ತಿರುಗಿಸಿದರು, ನಾನೂ ತಿರುಗಿಸಿದೆ. ಮತ್ತೆ ಈಚೆಗೆ, ಮತ್ತೆ ಆಚೆಗೆ. ಎಳೆಬಿಸಿಲು, ಗಾಳಿ, ಬಸ್ಸಿನ ತೂಗಾಟದಲ್ಲಿ ಕತ್ತಿನೊಳಗಿನ ಹಗ್ಗವೊಂದು ಸಡಿಲಾದಂತಾಯಿತು. ಭುಜದಾಚೆಯಿಂದ ಹಳದಿ ಸೂರ್ಯಕಾಂತಿ ಹೊಲವೊಂದು ತೇಲುತ್ತ ಬಂತು. ಅದರ ಹಿಂದೆ ಕೋಟೆಯ ಗುಡ್ಡ ಮಂಜಿನಂತೆ ಮಸುಕಾಗುತ್ತಿತ್ತು. ಎಷ್ಟೋ ಕಾಲದ ಮೇಲೆ ಹಿಂದೆ ಬಿಟ್ಟುಬಂದದ್ದನ್ನು ಕಣ್ತುಂಬ ನೋಡುತ್ತಿದ್ದೆ.

ಟಿಕೆಟ್ ಕೊಡಲು ಬಂದ ಕಂಡಕ್ಟರ್, "ಇಬ್ಬರೂ ಗೋಣ ಅಲ್ಲಾಡ್ಸಿ ಒಲ್ಲೆ ಒಲ್ಲೆ ಅನ್ನಾಕ ಹತ್ತೀರಲ್ರಿ, ಈ ಅಕ್ಕಾರು ಇಳಿಯೂದರ ಎಲ್ಲಿ?" ಎಂದ. ಇಬ್ಬರೂ ಬಾಯಿ ತೆರೆಯಲಾದಷ್ಟು ತೆರೆದು ನಕ್ಕೆವು.

ಅವರು ಮುನವಳ್ಳಿಯಲ್ಲಿ ಇಳಿದುಹೋದರು. ಹೆಸರು ಕೇಳುವುದನ್ನೂ ಮರೆತೆ. ಈಗ ದಿನವೂ ವ್ಯಾಯಾಮ ತಪ್ಪಿಸುವುದಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತಿದ್ದಾಗ ಮೊಮ್ಮಗಳು ಬೆನ್ನ ಹಿಂದಿನಿಂದ "ಆಯಿ" ಎಂದಳು. ನಾನು ಅವಳತ್ತ ಮುಖ ಹೊರಳಿಸಿದೆ. ಕೈ ರೊಟ್ಟಿ ಬಡಿಯುತ್ತಲೇ ಇತ್ತು.